ಗುಂಡಪ್ಪ ದಬದಬಿಗೆ ಹೋದದ್ದು

ಸಾಂಗ್ಲಿಯಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಯಾರೂ ಯಾರನ್ನೂ ಆರಾಮ ಇದ್ದೀರೇನ್ರಿ ಅಂತ ಕೇಳುವುದಿಲ್ಲ, ಐರ್ವಿನ್ ಸೇತುವೆಯ ಕೆಳಗೆ ನೀರು ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಅರಿಸಿನದ ವ್ಯಾಪಾರಿ ಗುರುಸಿದ್ಧಪ್ಪನವರ ಮನೆಯಲ್ಲಂತೂ ಊಟಕ್ಕೆ ಉಪ್ಪಿನಕಾಯಿ ತಪ್ಪಿದರೂ ತಪ್ಪೀತು, ಕೃಷ್ಣೆಯ ನೀರಿನ ಮಾತು ತಪ್ಪುತ್ತಿರಲಿಲ್ಲ. ಅಂಥ ಮನೆಯಲ್ಲಿ, ಆಯಿತವಾರದ ಊಟಕ್ಕೆ ಎಲ್ಲರೂ ಕೂತಾಗ, ಮಗಳು ಶೀತಲ ನೀರು ನೋಡಲಿಕ್ಕೇ ಅಂತ ದೂರ ಹೋಗುವ ಮಾತು ತೆಗೆದಳು. ಅವಳ ಧೈರ್ಯವನ್ನು ಮೆಚ್ಚಬೇಕು.

"ಅಪ್ಪಾ, ಮುಂದಿನ ಆಯಿತವಾರ ಟ್ರೆಕ್‌ಗೆ ಹೋಗೂಣಂತ. ಶಿರಾಳಾದ ಆಚೀಕ. ಮುಂಜಾನೆ ಹೋಗಿ ಸಂಜೀಕ ವಾಪಸ್."

"ಏನೈತಿ ಅಲ್ಲಿ?"

"ಧಬಧಬಾ."

"ನೀರು ಬೀಳೂದ ನೋಡಾಕ ಅಲ್ಲೀತನ ಹೋಗಬೇಕೇನು? ನಮ್ಮ ಗೋಡೌನಿನ ತಗಡಿನ ಪತ್ರಾ ಸೋರಾಕತ್ತೈತಿ. ಅದರ ಕೆಳಗ ನಿಂತು ನೋಡು."

ಶೀತಲ ಮಿರಜದ ಕಾಲೇಜಿನ ಹುಡುಗಿ. ಕನ್ನಡ ಪೂರಾ ತಿಳಿಯುತ್ತಿತ್ತು, ಆದರೆ ಸಿಟ್ಟು ಮಾತ್ರ ಮರಾಠಿಯಲ್ಲೇ ಬರುತ್ತಿತ್ತು. "ನೇಹಮೀಚ ಅಸಂ," ಯಾವಾಗಲೂ ಹೀಗೇ, ಎಂದು ಗೊಣಗಿ ಅಣ್ಣ ನಿಲೇಶನ ಮುಖ ನೋಡಿದಳು. ನಿಲೇಶ ಅಪ್ಪನ ಜೊತೆ ಅಂಗಡಿಗೆ ಹೋಗುವವನು. ಅಪ್ಪ ಮಾತಾಡುವಾಗ ಅವನ ಕಣ್ಣು ತಾಟಿನಲ್ಲೇ ಇರುತ್ತಿತ್ತು. ಬಡಿಸುತ್ತಿದ್ದ ಅವನ ಹೆಂಡತಿ ಕಾಂಚನ ಪಲ್ಯದ ಬೋಗುಣಿ ಹಿಡಿದು ಅಲ್ಲೇ ನಿಂತಳು. ಹೋದ ದೀಪಾವಳಿಯಿಂದ ಅವಳು ಹೊಸ್ತಿಲು ದಾಟಿ ಎಲ್ಲಿಗೂ ಹೋಗಿರಲಿಲ್ಲ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆ ಸಂಗವ್ವ ಅಲ್ಲಿಂದಲೇ ಕೇಳಿದಳು. "ಯಾ ದಬದಬಿ?"

"ಕಾನಕಡಾ, ಅವ್ವ. ಮಳಿಗಾಲದಾಗ ಅಷ್ಟ ಬೀಳ್ತೈತಿ. ದೀಪಾವಳಿ ಅನ್ನೂದ್ರಾಗ ಒಣಗಿ ಬರೇ ಕರೀಕಲ್ಲು."

ಸಂಗವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಅವಳು ತಿರುವಲಿಲ್ಲ. ಕಾಂಚನ ಓಡಿಹೋಗಿ ಬೆರಳು ಸುಟ್ಟುಕೊಂಡು ರೊಟ್ಟಿ ತೆಗೆದಳು. ಅತ್ತೆಯ ಕಣ್ಣು ಹಂಚಿನ ಮೇಲಿರಲಿಲ್ಲ. ಮೂಲೆಯಲ್ಲಿ, ನೀರಿನ ಕೊಡದ ಬದಿಗೆ, ಹಳೇ ಸೀರೆಯ ಚೂರಿನ ಮೇಲೆ ಕೂತಿದ್ದ ಗುಂಡಕಲ್ಲಿನ ಮೇಲಿತ್ತು.

"ಹೋಗ್ಲಿ ಬಿಡ್ರಿ," ಅಂದಳು ಗಂಡನಿಗೆ. "ಹುಡುಗರು ಹೋಗಿ ಬರ್ಲಿ. ಕಾಂಚನಾನೂ ಹೋಗ್ಲಿ."

ಕಾಂಚನಳಿಗೆ ತಾನು ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ. ಬುಧಗಾಂವದ ತವರಿಗೆ ಹೋಗಿಬರುತ್ತೇನೆ ಅಂದರೂ ಮುಖ ತಿರುವುತ್ತಿದ್ದ ಅತ್ತೆ ಇವಳೇ ಏನು ಅಂತ ನೋಡಿದಳು.

ಈ ಗುಂಡಕಲ್ಲಿನ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಏರುವುದು ಕೂಸಲ್ಲ, ಅಡುಗೆಮನೆಯ ಅರೆಯುವ ಗುಂಡಕಲ್ಲು. ಅದಕ್ಕೆ ಎಣ್ಣೆ ಹಚ್ಚಿ, ಬಿಸಿನೀರು ಹಾಕಿ, ಕೂಸಿನ ತಲೆಬಟ್ಟೆ ಕುಂಚಿಗೆ ಕಟ್ಟಿ, ಕಾಡಿಗೆ ಇಟ್ಟು, ಗುಂಡಪ್ಪ ಗುಂಡಪ್ಪ ಅಂತ ಕರೆದು ಹೆಂಗಸರು ತೂಗುತ್ತಾರೆ. ಕೂಸಿನ ಜೀವ ಕಲ್ಲಿನ ಹಾಗೆ ಗಟ್ಟಿಯಾಗಲಿ, ಯಾರ ಕೆಟ್ಟ ಕಣ್ಣಿದ್ದರೂ ಅವನ ಪಾಲಿಗೆ ಹೋಗಲಿ ಅಂತ. ಗುಂಡಪ್ಪ ಇಳಿದ ಮೇಲೆ ಕೂಸು ಏರುತ್ತದೆ, ಅದರ ಕಿವಿಯಲ್ಲಿ ಹೆಸರು ಹೇಳುತ್ತಾರೆ. ಮರುದಿನ ಗುಂಡಪ್ಪ ಪಾಪ ಮತ್ತೆ ಚಟ್ನಿ ಅರೆಯಲಿಕ್ಕೆ ಹೋಗುತ್ತಾನೆ.

ಈ ಮನೆಯ ಗುಂಡಪ್ಪನನ್ನು ಯಾರೂ ಚಟ್ನಿಗೆ ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಕಾಂಚನ ಒಮ್ಮೆ ಕೈ ಹಾಕಿದ್ದಕ್ಕೆ, "ಮಿಕ್ಸರ್ ಐತೆಲ್ಲವಾ, ಅವನ್ನ ಇರಾಕ ಬಿಡು," ಅಂದಿದ್ದಳು ಅತ್ತೆ. ಹಳೇ ಕಾಲದವರ ಹಟ ಅಂತ ಕಾಂಚನ ಸುಮ್ಮನಾಗಿದ್ದಳು.

ಹೋದ ದೀಪಾವಳಿಯ ಮುಂದೆ ಕಾಂಚನಳ ಕೂಸು ಹುಟ್ಟಿತು, ಗಂಡು. ತೊಟ್ಟಿಲು ತೊಳೆದಿಟ್ಟಿದ್ದರು. ಪೇಢೆಗೆ ಹೇಳಿದ್ದಾಗಿತ್ತು, ಮಾಧವನಗರದ ಬಳಗಕ್ಕೂ ಫೋನು ಹೋಗಿತ್ತು. ಹೆಸರಿಡುವ ದಿನ ಇನ್ನೇನು ಬಂತು ಅನ್ನುವಾಗ ಕೂಸಿಗೆ ಜ್ವರ ಬಂದು ಹೋಗಿಯೇ ಬಿಟ್ಟಿತು. ಗಂಡಸರು ಮಣ್ಣು ಮಾಡಿ ಬಂದು ಮೈ ತೊಳೆದುಕೊಂಡರು. ಅವತ್ತಿನಿಂದ ಆ ಮನೆಯಲ್ಲಿ ಯಾರೂ ಕೂಸಿನ ಮಾತು ಆಡಲಿಲ್ಲ. ಹೆಸರೇ ಇಲ್ಲದ ಮೇಲೆ ಏನಂತ ಆಡುವುದು? ಕಾಂಚನ ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದಳು. ಒಂದು ಸಲ ಗಂಡನ ಮುಂದೆ ಹೇಳಹೋದಾಗ ನಿಲೇಶ, "ಬ್ಯಾಡ ಕಾಂಚನಾ, ಅವ್ವ ಕೇಳಿದ್ರ ಮನಸಿಗೆ ಹಚ್ಕೋತಾಳ," ಎಂದು ಬಾಗಿಲು ಎಳೆದುಕೊಂಡು ಅಂಗಡಿಗೆ ನಡೆದಿದ್ದ. ಆ ಹೆಸರು ಅವಳ ಗಂಟಲಲ್ಲೇ ಉಳಿಯಿತು.

ನಿದ್ದೆ ಹತ್ತದೆ ನಸುಕಿನಲ್ಲೇ ಏಳುವ ರೂಢಿ ಬಿದ್ದ ಮೇಲೆ ಅವಳಿಗೆ ಇನ್ನೊಂದು ಗೊತ್ತಾಯಿತು. ಸೋಮವಾರ ಬಂತೆಂದರೆ, ಮನೆ ಏಳುವ ಮೊದಲು, ಅತ್ತೆ ಅಡುಗೆಮನೆಯ ಬಚ್ಚಲ ಮೋರಿಯಲ್ಲಿ ಕಾಲು ಚಾಚಿ ಕೂತು, ಗುಂಡಕಲ್ಲನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುತ್ತಿದ್ದಳು. ಕೂಸಿಗೆ ಎರೆಯುವ ಹಾಗೆಯೇ, ಒಂದು ಕೈ ಅಡ್ಡ ಹಿಡಿದು. "ತಡೀ, ಕಣ್ಣಾಗ ಹೋದೀತು," ಅನ್ನುತ್ತಿದ್ದಳು ಮೆಲ್ಲಗೆ. ಮೊದಲ ಸಲ ನೋಡಿದಾಗ ಕಾಂಚನಳಿಗೆ, ತನ್ನ ಕೂಸಿನ ಬದಲಿಗೆ ಈ ಮುದುಕಿ ಕಲ್ಲನ್ನು ಸಾಕುತ್ತಿದ್ದಾಳೆ ಅನ್ನಿಸಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಮುಟ್ಟಿ ನೋಡಿದಳು. ಹೊರಗೆ ಮಳೆ, ಗೋಡೆಗಳೆಲ್ಲ ತಣ್ಣಗೆ, ಬದಿಗಿದ್ದ ತಾಮ್ರದ ಕೊಡ ಐಸಿನಂತೆ. ಕಲ್ಲು ಮಾತ್ರ ಬೆಚ್ಚಗಿತ್ತು, ಆಗಷ್ಟೇ ಯಾರೋ ಮಡಿಲಿಂದ ಇಳಿಸಿ ಹೋದ ಹಾಗೆ.

ಅವತ್ತೇ ಅವಳು ನಿಶ್ಚಯ ಮಾಡಿದಳು. ಈ ಕಲ್ಲು ಮನೆಯಲ್ಲಿರುವ ತನಕ ತನ್ನ ಕೂಸು ಸತ್ತಿತು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ತನ್ನನ್ನೂ ಅಳಲಿಕ್ಕೆ ಬಿಡುವುದಿಲ್ಲ. ಕಲ್ಲು ಹೋಗಬೇಕು. ಎಲ್ಲಿ, ಹೇಗೆ ಅಂತ ಯೋಚಿಸುತ್ತಿರುವಾಗಲೇ ಶೀತಲ ದಬದಬಿಯ ಮಾತು ತೆಗೆದಳು ನೋಡಿ.

ಹೊರಡುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಆಯಿತವಾರ ಕೋಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರು. ಗುರುಸಿದ್ಧಪ್ಪನವರು ಗೋಡೌನಿನ ಅರಿಸಿನದ ಚೀಲಗಳನ್ನೆಲ್ಲ ಅಟ್ಟಕ್ಕೆ ಏರಿಸುವ ಕೆಲಸಕ್ಕೆ ಮನೆಯವರನ್ನೆಲ್ಲ ಹಚ್ಚಿದರು. ಟ್ರೆಕ್ಕಿಗೆ ಅಂತ ತಂದ ಹೊಸ ಬೂಟು ಹಾಕಿಕೊಂಡೇ ಶೀತಲ ಚೀಲಕ್ಕೆ ಕೈ ಕೊಟ್ಟಳು. ಸಂಜೆಯ ಹೊತ್ತಿಗೆ ಮುಖ, ಕೈ, ಬೂಟು ಎಲ್ಲಾ ಹಳದಿ.

"ಆತಲ್ಲ ನಿನ್ನ ಟ್ರೆಕ್ಕು," ಅಂದರು ಗುರುಸಿದ್ಧಪ್ಪನವರು. "ಅಟ್ಟ ಏರಿದಿ, ಇಳದಿ. ಖರ್ಚಿಲ್ಲ ಏನಿಲ್ಲ."

"ಅಪ್ಪಾ, ಪ್ಲೀಜ್."

ಎರಡನೇ ವಾರ ಮಳೆಯೇ ಮಳೆ. ಗೆಳತಿಯರಲ್ಲಿ ಒಬ್ಬಳಿಗೆ ಮನೆಯಲ್ಲಿ ಬೇಡ ಅಂದರು, ಇನ್ನೊಬ್ಬಳು ಜ್ವರ ಬಂದು ಮಲಗಿದಳು. ಗುರುಸಿದ್ಧಪ್ಪನವರು ಇನ್ನು ಆ ಮಾತು ಮುಗಿಯಿತು ಅಂದುಕೊಂಡರು. ಆದರೆ ದಿನಾ ಮಧ್ಯಾಹ್ನ ತಾಟು ತೊಳೆಯುತ್ತ ಸಂಗವ್ವನೇ ಕೇಳತೊಡಗಿದಳು.

"ಈ ಆಯಿತವಾರ ಹೋಗ್ತೀರಿಲ್ಲೋ? ಮಳಿ ಹೋದ್ರ ನೀರ ಹೋಗ್ತೈತಿ. ಆಮ್ಯಾಲ ಮತ್ತ ಮುಂದಿನ ವರ್ಷ."

"ನಿನಗ್ಯಾಕ ಇಷ್ಟ ಗಡಬಡಿ?" ಅಂದರು ಗಂಡ.

"ಹುಡುಗರ ಕಾಲ ಗಟ್ಟಿ ಇದ್ದಾಗ ಹೋಗಿ ಬರ್ಲಿ ಅಂತ."

ಶನಿವಾರ ಬಿಸಿಲು ಬಿತ್ತು. ಕಾಂಚನ ದಪಾಟಿ ತಟ್ಟಿದಳು, ಶೇಂಗಾ ಚಟ್ನಿ ಕಟ್ಟಿದಳು, ಮೊಸರಿನ ಡಬ್ಬಿ ತುಂಬಿದಳು. ಶೀತಲ ತನ್ನ ಹಳೇ ಬೂಟು ತಂದು ವೈನಿ ಕಾಂಚನಳ ಕಾಲಿಗೆ ಹಾಕಿ ನೋಡಿದಳು. ಸಂಗವ್ವ ಬಾಗಿಲಲ್ಲಿ ನಿಂತು ಇವರನ್ನೇ ನೋಡುತ್ತಿದ್ದಳು.

"ಯಾರ್ಯಾರು ಹೊಂಟೀರಿ?"

"ಅಣ್ಣಾ, ವೈನಿ, ನಾನು."

"ಮೂರು ಮಂದಿ ಹೊಂಡಬಾರದು."

ಇದು ಹೊಸದೇನಲ್ಲ. ತಾಟಿಗೆ ಮೂರು ಚಪಾತಿ ಹಾಕುವುದಿಲ್ಲ, ಒಳ್ಳೆಯ ಕೆಲಸಕ್ಕೆ ಮೂವರು ಹೊರಡುವುದಿಲ್ಲ. ಹೊರಡಲೇಬೇಕಾದರೆ ಒಂದು ಕಲ್ಲನ್ನು ಜೊತೆಗಿಟ್ಟುಕೊಂಡು ನಾಲ್ಕು ಮಂದಿ ಅಂದುಕೊಳ್ಳುವುದು ನಮ್ಮ ಕಡೆಯ ವಾಡಿಕೆ.

"ದಾರ್‍ಯಾಗ ಒಂದ ಸಣ್ಣ ಕಲ್ಲ ಎತ್ತಿ ಕಿಸೇದಾಗ ಹಾಕ್ಕೋತೀನಿ ಬಿಡು ಅವ್ವ," ಅಂದ ನಿಲೇಶ.

"ಕಿಸೇದಾಗಿನ ಕಲ್ಲ ಯಾಕ? ನಾಲ್ಕನೇದಾಂವ ಮನ್ಯಾಗ ಅದಾನಲ್ಲ. ಅವನ್ನ ಕರಕೊಂಡ ಹೋಗ್ರಿ."

ಶೀತಲ ನಕ್ಕಳು. ನಿಲೇಶ ತಲೆ ಕೆರೆದುಕೊಂಡ. ಕಾಂಚನ ಬೂಟಿನ ಲೇಸು ಬಿಟ್ಟು ಅತ್ತೆಯ ಕಡೆ ತಿರುಗಿದಳು. ಯಾವ ಕಲ್ಲನ್ನು ಕದ್ದು ಒಯ್ಯುವುದು ಹೇಗೆ ಅಂತ ಅವಳು ಇಷ್ಟು ದಿನ ತಲೆ ಕೆಡಿಸಿಕೊಂಡಿದ್ದಳೋ, ಆ ಕಲ್ಲನ್ನು ಅತ್ತೆಯೇ ಕೈಗೆ ಕೊಡುತ್ತಿದ್ದಳು. ಖುಷಿಯಾಗಬೇಕಿತ್ತು. ಅಂಜಿಕೆಯೇ ಹೆಚ್ಚಾಯಿತು.

ಆಯಿತವಾರ ಮುಂಜಾನೆ ಸಂಗವ್ವ ಗುಂಡಕಲ್ಲಿಗೆ ಎರೆದು, ಒರೆಸಿ, ಕುಂಚಿಗೆ ಕಟ್ಟಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತ ಕಾಂಚನಳ ಮಡಿಲಿಗೆ ಇಳಿಸಿದಳು. "ತಲಿ ಹಿಡಿ," ಅಂದಳು. ಕಾಂಚನಳ ಕೈ ತಾನಾಗಿಯೇ ಕೆಳಗೆ ಹೋಯಿತು. ಸಂಗವ್ವ ಒಂದು ಗಳಿಗೆ ಅಲ್ಲೇ ಬಗ್ಗಿ ನಿಂತಳು, ಏನೋ ಹೇಳುವವಳ ಹಾಗೆ. ಆಮೇಲೆ ಬಾಗಿಲು ಹಾಕಿದಳು.

ಊರು ದಾಟಿ ಕಬ್ಬಿನ ಹೊಲಗಳು ಬಂದವು. ನಿಲೇಶ ಹಾಡು ಹಚ್ಚಿದ, ಶೀತಲ ಮುಂದೆ ಕೂತು ಫೋನಿನಲ್ಲಿ ದಾರಿ ಹೇಳುತ್ತಿದ್ದಳು. ಕಾಂಚನ ಮಡಿಲಿನದನ್ನು ಎರಡು ಸಲ ಬದಿಯ ಸೀಟಿಗೆ ಇಟ್ಟಳು. ತಿರುವಿನಲ್ಲಿ ಅದು ಉರುಳಿ ತೊಡೆಗೆ ಬಂದು ತಾಗುತ್ತಿತ್ತು. ಎಡತಿರುವಿನಲ್ಲೂ ಅದೇ, ಬಲತಿರುವಿನಲ್ಲೂ ಅದೇ. ಕೊನೆಗೆ ಎತ್ತಿ ಮಡಿಲಲ್ಲೇ ಇಟ್ಟುಕೊಂಡಳು. ಶಿರಾಳಾ ಹತ್ತಿರ ಬಂದಾಗ ಎದೆ ಬಿಗಿದು, ನೋಡುತ್ತಾಳೆ, ಕುಪ್ಪಸ ಒದ್ದೆಯಾಗಿತ್ತು. ಯಾವಾಗಲೋ ಬತ್ತಿಹೋದ ಹಾಲು. ಅವಳು ಸೆರಗು ಎಳೆದುಕೊಂಡು ಹೊರಗೆ ನೋಡುತ್ತ ಕೂತಳು.

ಗುಡ್ಡದ ಬುಡದಲ್ಲಿ ಡಾಂಬರು ಮುಗಿಯುತ್ತದೆ. ಅಲ್ಲಿ ಪತ್ರಾ ಹೊದಿಸಿದ ಒಂದೇ ಒಂದು ಚಹಾದ ಅಂಗಡಿ. ಇವರು ತಮ್ಮತಮ್ಮಲ್ಲೇ ಕನ್ನಡ ಮಾತಾಡಿದ್ದು ಕೇಳಿ ಒಳಗಿದ್ದ ಮುದುಕಿ ಹೊರಗೆ ಇಣುಕಿದಳು.

"ನಮ್ಮವರ ಏನು ನೀವು? ನಾ ಜತ್ತ ಕಡೀಕ್ಯಾಕಿ, ಕೃಷ್ಣವ್ವ ಅಂತ. ಇಲ್ಲಿಗೆ ಕೊಟ್ಟಾರ. ಕುಂದರ್ರಿ."

ಕೃಷ್ಣವ್ವ ಮೂರು ಲೋಟ ಚಹಾ ತಂದಳು. ಮತ್ತೆ ಒಳಗೆ ಹೋಗಿ, ಸಣ್ಣ ಬಟ್ಟಲಿನಲ್ಲಿ ಹಾಲು ತಂದು ಕಾಂಚನಳ ಮುಂದಿಟ್ಟಳು.

"ಹಾಲು ಯಾರಿಗ್ರಿ?" ಕೇಳಿದಳು ಶೀತಲ.

ಕೃಷ್ಣವ್ವ ಶೀತಲಳ ಕಡೆ ನೋಡಲೂ ಇಲ್ಲ. ಕುಂಚಿಗೆಯ ಗಂಟಿನ ಮೇಲೆ ಕಣ್ಣಿಟ್ಟು ಕಾಂಚನಳನ್ನು ಕೇಳಿದಳು. "ಎಷ್ಟ ದಿನದ್ದಿತ್ತವ್ವಾ?"

ಇದನ್ನು ಅವಳನ್ನು ಈ ತನಕ ಯಾರೂ ಕೇಳಿರಲಿಲ್ಲ. "ಒಂಬತ್ತು," ಅಂದಳು.

"ಕಾಂಚನಾ," ಅಂದ ನಿಲೇಶ.

"ಒಂಬತ್ತ ದಿನದ್ದಿತ್ರಿ," ಅವಳು ಮತ್ತೆ ಹೇಳಿದಳು, ಈ ಸಲ ಗಂಡನ ಮುಖ ನೋಡಿ. ನಿಲೇಶ ಲೋಟ ಕೆಳಗಿಟ್ಟು ಎದ್ದುಹೋದ.

ಕೃಷ್ಣವ್ವ ಹತ್ತಿರ ಬಂದು ದನಿ ಇಳಿಸಿದಳು. "ಮ್ಯಾಲ ಗಾಳಿ ಭಾಳ ಐತಿ. ಕಿವಿ ಮುಚ್ಚಿ ಒಯ್ಯಿ. ಬಿಡೂ ಮುಂದ ಹೆಸರ ಹಿಡದ ಕರಿ. ಕರೀದ ಬಿಟ್ರ ಹಿಂದ ಬರ್ತಾವು."

ಗುಡ್ಡದ ದಾರಿ ಕೆಸರು. ಶೀತಲ ಮುಂದೆ, ನಿಲೇಶ ನಡುವೆ, ಕಾಂಚನ ಹಿಂದೆ. ನಿಲೇಶ ಎರಡು ಮೂರು ಸಲ, ತಾ ನಾನು ಹಿಡಕೋತೀನಿ ಅಂದ. ಅವಳು ಕೊಡಲಿಲ್ಲ. ಕಲ್ಲು ಭಾರವೇ ಇತ್ತು, ಆದರೆ ಏರಿದಂತೆಲ್ಲ ತೋಳಿಗೆ ಒಗ್ಗಿಕೊಂಡು, ಹೊತ್ತದ್ದೇ ಗೊತ್ತಾಗದಂತಾಯಿತು. ಹಕ್ಕಿಗಳ ಸಪ್ಪಳ ಮೊದಲು ನಿಂತಿತು. ಆಮೇಲೆ ದಬದಬಿಯ ಮೊರೆತ ಶುರುವಾಗಿ, ಅದು ಎಷ್ಟು ಬಲವಾಯಿತೆಂದರೆ ಮುಂದೆ ನಡೆದ ಶೀತಲ ತಿರುಗಿ ಏನೋ ಕೂಗಿದರೂ ಬರೇ ಬಾಯಿ ಆಡಿದ್ದು ಕಂಡಿತು.

ಕಪ್ಪು ಬಂಡೆಯ ಮೇಲಿಂದ ಬಿಳೀ ನೀರು ಬೀಳುತ್ತಿತ್ತು. ಕೆಳಗೆ ಮಡು. ಅಣ್ಣ ತಂಗಿ ಫೋಟೋಕ್ಕೆ ಅಂತ ಆ ಬದಿಯ ಬಂಡೆ ಏರಿದರು. ಕಾಂಚನ ಮಡುವಿನ ಅಂಚಿಗೆ ಬಂದು ಬೂಟು ಕಳಚಿ ನೀರಿಗೆ ಕಾಲಿಟ್ಟಳು. ಕಾಲಡಿಗೆ ದುಂಡನೆಯ ಕಲ್ಲುಗಳು ಸಿಕ್ಕವು. ಹೊಳೆಯ ಹಳ್ಳು ಅಂದುಕೊಂಡು ಬಗ್ಗಿ ನೋಡಿದಳು. ಹೊಳೆಯ ಹಳ್ಳು ಆಗಿರಲಿಲ್ಲ. ಎಲ್ಲಾ ಗುಂಡಕಲ್ಲುಗಳು. ಅಡುಗೆಮನೆಯವು, ಚಟ್ನಿ ಅರೆದು ಅರೆದು ಹೊಟ್ಟೆ ಸವೆದವು. ಕೆಲವಕ್ಕೆ ಪಾಚಿ ಹಿಡಿದಿತ್ತು, ಕೆಲವು ನಿನ್ನೆ ಮೊನ್ನೆ ಇಟ್ಟ ಹಾಗಿದ್ದವು. ನೀರು ಕಾಣುವ ತನಕ ಅವೇ, ಒಂದರ ಪಕ್ಕ ಒಂದು, ಮಲಗಿಸಿದ ಹಾಗೆ.

ಅವಳಿಗೆ ಹಿಂದೆ ಸರಿಯಬೇಕು ಅನ್ನಿಸಿತು. ಸರಿಯಲಿಲ್ಲ. ಕುಂಚಿಗೆ ಬಿಚ್ಚಿ, ಕಲ್ಲನ್ನು ಎದೆಗೆ ಹಿಡಿದು, ಗಂಟಲಲ್ಲಿ ಅಷ್ಟು ದಿನ ಇಟ್ಟುಕೊಂಡ ಹೆಸರು ಹಿಡಿದು ಕೂಗಿ ಕರೆದಳು. ಆ ಮೊರೆತದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಬಗ್ಗಿ ಕಲ್ಲನ್ನು ಉಳಿದವುಗಳ ನಡುವೆ ಇಳಿಸಿದಳು. ಕೈ ಬಿಟ್ಟ ಕೂಡಲೇ ನೀರಿನ ಸಪ್ಪಳವೆಲ್ಲ ನಿಂತುಹೋಯಿತು, ಯಾರೋ ಎರಡೂ ಕಿವಿ ಮುಚ್ಚಿದ ಹಾಗೆ. ಆ ಮೌನದಲ್ಲಿ, ಕರಿಬಂಡೆಯ ಕಡೆಯಿಂದ ಆ ಹೆಸರು ತಿರುಗಿ ಬಂತು. ದನಿ ಅವಳದಾಗಿರಲಿಲ್ಲ, ಯಾರೋ ವಯಸ್ಸಾದ ಹೆಂಗಸಿನದು. ಆಮೇಲೆ ಮೊರೆತ ಮತ್ತೆ ಶುರುವಾಯಿತು.

ಇಳಿಯುವಾಗ ಸಪ್ಪಳ ಹಿಂದಾದ ಮೇಲೆ ನಿಲೇಶ ಅವಳ ಬರಿಗೈ ನೋಡಿದ.

"ಗುಂಡಪ್ಪ ಎಲ್ಲಿ?"

"ಬಿಟ್ಟೆ."

"ಬಿಟ್ಟೆ ಅಂದ್ರ? ಅವ್ವಗ ಏನಂತ ಹೇಳೂದು ಈಗ?"

"ನಮ್ಮ ಕೂಸು ಸತ್ತೈತಿ ಅಂತ ಹೇಳ್ರಿ. ಮೊದಲ ಅದನ್ನ ಹೇಳ್ರಿ. ಆಮ್ಯಾಲ ಕಲ್ಲಿಂದ ಹೇಳೂಣಂತ."

ನಿಲೇಶ ದಾರಿಯ ಬದಿಗೆ ಕೂತುಬಿಟ್ಟ. ಅವನ ಹೆಗಲು ಅಲುಗತೊಡಗಿದ್ದು ನೋಡಿ ಶೀತಲ ಗಾಬರಿಯಾಗಿ, "ದಾದಾ, ಕಾಯ ಝಾಲಂ?" ಏನಾಯಿತು ಅಣ್ಣಾ, ಅಂದಳು. ಕಾಂಚನ ಅವನ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. ಕೂಸಿನ ಅಪ್ಪ ಅತ್ತದ್ದು ಅಂದೇ ಮೊದಲು.

ಕೆಳಗೆ ಕೃಷ್ಣವ್ವ ಅಂಗಡಿಗೆ ಬೀಗ ಹಾಕಿ ನಿಂತಿದ್ದಳು. "ಕರದಿ?" ಅಂದಳು. "ಕರದೆ," ಅಂದಳು ಕಾಂಚನ. "ಹಂಗಾರ ಚಿಂತಿ ಇಲ್ಲ. ನಾನೂ ಶಿರಾಳಾತನ ಬರ್ತೀನಿ, ಮೂರು ಮಂದಿ ಹೋಗಬ್ಯಾಡ್ರಿ," ಎಂದು ತಾನೇ ಬಾಗಿಲು ತೆಗೆದು ಕಾರಿನಲ್ಲಿ ಕೂತಳು. ದಾರಿಯುದ್ದಕ್ಕೂ ಜತ್ತದ ಜೋಳದ ಬಗ್ಗೆ ಮಾತಾಡಿದಳು.

ಸಂಜೆ ಸಂಗವ್ವ ರೊಟ್ಟಿಯ ತುಣುಕು, ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಒಬ್ಬೊಬ್ಬರಿಗೇ ನಿವಾಳಿಸಿದಳು. ಕಾಂಚನಳ ತನಕ ಬಂದು, ಅವಳ ಕೈಯಲ್ಲಿದ್ದ ಖಾಲಿ ಕುಂಚಿಗೆ ನೋಡಿದಳು. ಕೈ ಒಂದಿಷ್ಟು ನಿಂತು ಮತ್ತೆ ಸುತ್ತಿತು.

"ಕಾಲ ತೊಳಕೊಂಡ ಬರ್ರಿ. ಮುದ್ದಿಪಲ್ಯ ಮಾಡೇನಿ."

ಅಷ್ಟೇ ಅಂದದ್ದು. ಬೈದಿದ್ದರೆ ಕಾಂಚನ ತಡೆದುಕೊಳ್ಳುತ್ತಿದ್ದಳು. ಗುರುಸಿದ್ಧಪ್ಪನವರು, ಎಷ್ಟ ನೀರ ಇತ್ತು, ನಮ್ಮ ಪತ್ರಾದಷ್ಟ ಸೋರ್ತಿತ್ತೋ ಇಲ್ಲೋ ಅಂತ ಚೇಷ್ಟೆ ಮಾಡಿದರು. ಯಾರೂ ನಗಲಿಲ್ಲ. ಅತ್ತೆಯ ಕಣ್ಣು ಮಾತ್ರ ಪದೇ ಪದೇ ಕೊಡದ ಬದಿಯ ಖಾಲಿ ಮೂಲೆಗೆ ಹೋಗುತ್ತಿದ್ದುದನ್ನು ಕಾಂಚನ ನೋಡಿದಳು.

ಮರುದಿನ ಸೋಮವಾರ. ಕಾಂಚನ ಎದ್ದಾಗ ಬೆಳಕು ಹರಿದಿತ್ತು. ಅಡುಗೆಮನೆಯಿಂದ ನೀರು ಎರೆಯುವ ಸಪ್ಪಳ ಬರುತ್ತಿತ್ತು. ಚೊಂಬಿನ ಮೇಲೆ ಚೊಂಬು, ನಡುವೆ ತಡೆದು ತಡೆದು, ಕೂಸಿಗೆ ಎರೆಯುವ ಹಾಗೆಯೇ. ಕಲ್ಲು ಹಿಂದೆ ಬಂದಿದೆ ಅಂದುಕೊಂಡಳು. ಗೋಡೆ ಹಿಡಿದುಕೊಂಡು ಅಡುಗೆಮನೆಯ ತನಕ ನಡೆದಳು.

ಸಂಗವ್ವ ಮೋರಿಯಲ್ಲಿ ಕಾಲು ಚಾಚಿ ಕೂತು, ಬರಿಗಾಲ ಮೇಲೆ ಬಿಸಿನೀರು ಸುರಿಯುತ್ತಿದ್ದಳು. ಕಾಲ ಮೇಲೆ ಏನೂ ಇರಲಿಲ್ಲ. ಮೂಲೆಯೂ ಖಾಲಿ.

"ಬರಲಿಲ್ಲ," ಅಂದಳು ತಿರುಗದೆ. "ಈ ಸರ್ತಿ ಬರಲಿಲ್ಲ ನೋಡು."

"ಈ ಸರ್ತಿ ಅಂದ್ರ ಏನ್ರಿ ಅತ್ತಿ?"

ಸಂಗವ್ವ ಚೊಂಬು ಕೆಳಗಿಟ್ಟಳು. "ನಾನೂ ಅಲ್ಲೇ ಬಿಟ್ಟ ಬಂದಿದ್ದೆ. ನಿಲೇಶ ಹುಟ್ಟೂ ಮೊದಲ. ನನ್ನ ಚೊಚ್ಚಲ ಮಗ, ಹೆಸರ ಇಡೂದ್ರಾಗ ಹ್ವಾದ. ನಮ್ಮತ್ತಿ ಗುಂಡಪ್ಪನ್ನ ಕೊಟ್ಟು ಆ ಮಡುವಿಗೆ ಕರಕೊಂಡ ಹೋದ್ರು. ಹೆಸರ ಹಿಡದ ಕರೀಬೇಕಂತ ಅಲ್ಲಿಯವರು ಹೇಳಿದ್ರು. ಅತ್ತಿ ಬಾಜೂಕ ನಿಂತಿದ್ರು. ಹೆಸರ ಇಡದ ಕೂಸಿಗೆ ಎಲ್ಲೀ ಹೆಸರು, ಸುಮ್ಮ ಬಿಟ್ಟ ಬಾ ಅಂದ್ರು. ನಾ ಬಾಯಿ ಬಿಡಲಿಲ್ಲ."

"ಆಮ್ಯಾಲ್ರಿ?"

"ಮರುದಿನ ಎದ್ದ ನೋಡಿದ್ರ ಕೊಡದ ಬಾಜೂಕ ಇದ್ದ. ಮೈಯೆಲ್ಲಾ ಒದ್ದಿ. ಎತ್ತಿ ಒರಸಿದೆ. ಏನ ಮಾಡಲಿ? ಹಿಂದ ಬಂದವನ್ನ ಹೊರಗ ಹಾಕಾಕ ಆಗ್ತೈತೇನು?"

ಕಾಂಚನ ಅಲ್ಲೇ ಹಸಿ ನೆಲದ ಮೇಲೆ ಕೂತಳು. ಇಷ್ಟು ತಿಂಗಳು ತನ್ನ ಕೂಸಿನ ಅಣಕ ಅಂದುಕೊಂಡದ್ದು ಅತ್ತೆಯ ಸ್ವಂತ ಸಂಕಟವಾಗಿತ್ತು. ತಾನು ಕೈಯಾರೆ ಬಿಟ್ಟು ಬಂದದ್ದು ಈಕೆಯ ಮಗನನ್ನು. ಅವಳಿಗೆ ನಾಚಿಕೆಯೂ ಆಯಿತು, ಅತ್ತೆಯ ಮೇಲೆ ಸಿಟ್ಟೂ ಬಂತು.

"ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಕರೀತಿದ್ದಿಲ್ಲ. ನಿನ್ನ ಕೂಸ ಅಂತ ತಿಳದ ಕರೀತಿ ಅಂತ ಕಳಿಸಿದೆ. ನನ್ನ ಬಾಯಿ ಅವತ್ತ ಬಿದ್ದಹೋತು ಯವ್ವಾ, ನಿನ್ನ ಬಾಯಿ ಇನ್ನೂ ಐತಿ ಅಂತ." ಸಂಗವ್ವ ಈಗ ತಿರುಗಿ ಸೊಸೆಯ ಮುಖ ನೋಡಿದಳು. "ಏನಂತ ಕರದಿ?"

ಈ ಮನೆಯಲ್ಲಿ ಈ ಹೆಸರು ಯಾರೂ ಕೇಳಿರಲಿಲ್ಲ. ಕಾಂಚನಳಿಗೆ ಹೇಳಲಿಕ್ಕೆ ಹೊತ್ತು ಹಿಡಿಯಿತು. "ಅಮೋಲ," ಅಂದಳು.

"ಅಮೋಲ." ಸಂಗವ್ವ ಹೇಳಿ ನೋಡಿದಳು. ಮತ್ತೊಮ್ಮೆ ಹೇಳಿದಳು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದರೂ ಒರೆಸಿಕೊಳ್ಳಲಿಲ್ಲ. "ಛಲೋ ಐತಿ. ನನ್ನ ಮಗಗೂ ಅದ ಇರ್ಲಿ. ಇಬ್ರಿಗೂ ಒಂದ ಇರ್ಲಿ." ಆಮೇಲೆ ತಡೆಯಲಾರದೆ, ಅಂಗಳದಲ್ಲಿ ಆಡುವ ಮಕ್ಕಳನ್ನು ಕರೆಯುವ ಹಾಗೆ ಗಟ್ಟಿಯಾಗಿ ಕರೆದಳು. ಮಡುವಿನಲ್ಲಿ ತಿರುಗಿ ಬಂದದ್ದು ಇದೇ ದನಿ. ಕಾಂಚನ ಅತ್ತೆಯನ್ನು ತಬ್ಬಿಕೊಂಡು ಬಾಯಿಬಿಟ್ಟು ಅತ್ತಳು, ಆ ಮನೆಯಲ್ಲಿ ಮೊದಲ ಸಲ.

ಹೊರಗಿನ ಖೋಲಿಯಲ್ಲಿ ಪೇಪರು ಓದುತ್ತಿದ್ದ ಗುರುಸಿದ್ಧಪ್ಪನವರು ಕೇಳಿದರು. "ಯಾರವಾ ಅಮೋಲ? ಯಾರ ಬಂದಾರ?"

"ಯಾರೂ ಬಂದಿಲ್ರಿ," ಸಂಗವ್ವ ಇಲ್ಲಿಂದಲೇ ಹೇಳಿದಳು. "ಹೋದವರ ಹೆಸರು. ನಿಮ್ಮ ಹಿರೇಮಗಂದು. ನಿಮ್ಮ ಮೊಮ್ಮಗಂದು."

ಪೇಪರಿನ ಸಪ್ಪಳ ನಿಂತಿತು. ಆಮೇಲೆ ಗುರುಸಿದ್ಧಪ್ಪನವರು ಚಷ್ಮಾ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಹೆಂಡತಿಯ ಕಡೆ ನೋಡಲಾರದೆ ಸೊಸೆಯ ಕಡೆ ತಿರುಗಿದರು.

"ಇನ್ನೊಮ್ಮೆ ಹೇಳವಾ," ಅಂದರು.

ಕಾಂಚನ ಹೇಳಿದಳು.